ನೀರಿಗಿಳಿಯದ ಹಣಮಂತ

ಮೀನು ತಿನ್ನದವರೇ ಮೀನು ನೋಡಲು ಹೆಚ್ಚು ಹಾತೊರೆಯುತ್ತಾರೆ ಎಂಬುದು ನನ್ನ ಒಂಬತ್ತು ವರ್ಷದ ಅನುಭವ. ಕೊರೊನಾದ ಕಾಲ ಬಿಟ್ಟರೆ ಪ್ರತಿ ಜನವರಿಗೆ ಇಚಲಕರಂಜಿ, ಗಡಹಿಂಗ್ಲಜ, ಕೊಲ್ಲಾಪುರದ ಹದಿನಾಲ್ಕು ಜನರನ್ನು ಕಟ್ಟಿಕೊಂಡು ನಾವು ಅಂಡಮಾನಿಗೆ ಹೋಗುತ್ತೇವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಸಮುದ್ರದೊಳಗೆ ಇಳಿದು, ಹವಳ ಮತ್ತು ಮೀನು ನೋಡಿ ಬರುವ ಪ್ರವಾಸ ಇದು. ಹದಿನಾಲ್ಕರಲ್ಲಿ ಹತ್ತು ಮಂದಿಯಾದರೂ ಲಿಂಗವಂತರು ಇಲ್ಲವೆ ಜೈನರು. ಹಡಗಿನಲ್ಲಿ ಮೀನಿನ ವಾಸನೆ ಬಂದರೆ ಮೂಗಿಗೆ ಸೆರಗು. ನೀರೊಳಗೆ ಅದೇ ಮೀನು ಕಂಡರೆ ಮೇಲೆ ಬಂದು ಅಳುತ್ತಾರೆ. ನಾನೂ ಅದೇ ಪೈಕಿ, ಆದ್ದರಿಂದ ಹೆಚ್ಚು ಬೈಯುವಂತಿಲ್ಲ.

ನಾನು ನೂತನ. ಗಡಹಿಂಗ್ಲಜದ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದವಳು. ಈ ಪ್ರವಾಸದಲ್ಲಿ ನನ್ನ ಕೆಲಸ ಮೀನಿನ ಹೆಸರು ಹೇಳುವುದು. ಉಳಿದದ್ದೆಲ್ಲ ಹಣಮಂತನದು. ಉಳಿದದ್ದೆಂದರೆ ಪುಣೆಯ ವಿಮಾನ ನಿಲ್ದಾಣದಲ್ಲಿ ತಲೆ ಎಣಿಸುವುದು, ಒಬ್ಬರ ಬಿ.ಪಿ. ಗುಳಿಗೆ ಇನ್ನೊಬ್ಬರ ಚೀಲ ಸೇರಿದ್ದನ್ನು ಹುಡುಕಿ ಕೊಡುವುದು, ಖಡಕ್ ರೊಟ್ಟಿಯ ಗಂಟು ಮುರಿಯದಂತೆ ದ್ವೀಪ ಮುಟ್ಟಿಸುವುದು, ಅಲ್ಲಿ ಬೆಳಗಾಗೆದ್ದು ಕಡಲೆಹಿಟ್ಟಿನ ಝುಣಕಾ ಮಾಡುವುದು, ನೀರಿನಿಂದ ನಡುಗುತ್ತ ಬಂದವರ ಹೆಗಲಿಗೆ ಟವೆಲ್ ಹಾಕುವುದು. ಐವತ್ತಾರರ ವಯಸ್ಸು, ಒಣಗಿದ ಮೈ. ಮಾತಾಡಿಸಿದರೆ ಬಲಗಿವಿಯನ್ನು ಮುಂದೆ ಚಾಚಿ ನಮ್ಮ ತುಟಿ ನೋಡುತ್ತಾನೆ. ಉತ್ತರ ಒಂದು ಗಳಿಗೆ ತಡ. ಹೊಸಬರು ಇದನ್ನು ಸೊಕ್ಕು ಅಂದುಕೊಳ್ಳುತ್ತಾರೆ. ಸೊಕ್ಕು ಮಾಡುವಷ್ಟು ಕಸುವು ಅವನಲ್ಲಿ ಉಳಿದಿರಲಿಲ್ಲ.

ಹಣಮಂತ ಹುಕ್ಕೇರಿ ಕಡೆಯವ. ಹದಿನಾರಕ್ಕೋ ಹದಿನೇಳಕ್ಕೋ ಊರು ಬಿಟ್ಟು ಇಚಲಕರಂಜಿಗೆ ಬಂದು ಬಣ್ಣದ ಕಾರಖಾನೆ, ಹಮಾಲಿ ಎಲ್ಲ ಮಾಡಿ ಕೊನೆಗೆ ಯಡ್ರಾವದ ಒಂದು ಶೆಡ್ಡಿನಲ್ಲಿ ಮಗ್ಗಕ್ಕೆ ನಿಂತ. ಇಪ್ಪತ್ತೆರಡು ವರ್ಷ ನಿಂತ. ನಲವತ್ತು ಮಗ್ಗ ಒಟ್ಟಿಗೆ ಬಡಿಯುವ ಜಾಗದಲ್ಲಿ ಬಾಯಿಂದ ಮಾತಾಡಿ ಉಪಯೋಗವಿಲ್ಲ. ಅಲ್ಲಿನವರು ಕೈಸನ್ನೆಯಲ್ಲೇ ಚಹಾ ಹೇಳುತ್ತಾರೆ, ಕೈಸನ್ನೆಯಲ್ಲೇ ಜಗಳಾಡುತ್ತಾರೆ. ಆಮೇಲೆ ಮಾಲಕರು ಹಳೆಯ ಮಗ್ಗಗಳನ್ನು ಗುಜರಿಯ ಮೋಡಕಿಗೆ ಹಾಕಿ ಹೊಸ ಯಂತ್ರ ತಂದರು. ಹೊಸ ಯಂತ್ರಕ್ಕೆ ಹುಡುಗರು ಬೇಕಾಗಿದ್ದರು. ಹಣಮಂತ ಮನೆಯಲ್ಲಿ ಕುಳಿತ. ಆಗ ಅದೇ ಮಾಲಕರ ಮಗ ರೋಹನ ಕೊಲ್ಲಾಪುರದಲ್ಲಿ ಈ ಪ್ರವಾಸದ ಕಂಪನಿ ತೆಗೆದು, "ನಮ್ಮ ಹಣಮಂತ ಕಾಕಾ ನಂಬಿಗಸ್ತ" ಎಂದು ಇವನನ್ನು ಕರೆದುಕೊಂಡ.

ನಂಬಿಗಸ್ತ ಹೌದು. ಅದರಲ್ಲೂ ಫಾರ್ಮಿನ ವಿಷಯದಲ್ಲಿ. ನೀರಿಗಿಳಿಯುವ ಮೊದಲು ಪ್ರತಿಯೊಬ್ಬರೂ ತಮ್ಮ ಆರೋಗ್ಯದ ಬಗ್ಗೆ ಒಂದು ಫಾರ್ಮು ತುಂಬಿ ಸಹಿ ಮಾಡಬೇಕು. ಅದರಲ್ಲಿ ಒಂದು ಪ್ರಶ್ನೆ: ಕಿವಿಯ ತೊಂದರೆ ಇದೆಯೇ? ನೀರಿನ ಆಳಕ್ಕೆ ಹೋದಂತೆ ಕಿವಿಯ ಮೇಲೆ ಒತ್ತಡ ಬೀಳುತ್ತದೆ. ಕಿವಿಯ ತಮಟೆಯಲ್ಲಿ ತೂತಿದ್ದರೆ ತಣ್ಣೀರು ಒಳಗೆ ನುಗ್ಗಿ ತಲೆ ಗಿರ್ರೆನ್ನುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಎಂದೇ ತಿಳಿಯುವುದಿಲ್ಲ.

ನಮ್ಮ ಎರಡನೆಯ ವರ್ಷದ ಪ್ರವಾಸಕ್ಕೆ ಒಬ್ಬ ನೂಲಿನ ವ್ಯಾಪಾರಿ ಬಂದಿದ್ದ. ಮೊದಲು ತಾನೇ ಮಗ್ಗ ನಡೆಸಿದ್ದವನು. ಕಿವಿಯ ತೊಂದರೆ "ಇಲ್ಲ" ಎಂದು ಬರೆದು ಇಳಿದ, ನೀರೊಳಗೇ ವಾಂತಿ ಮಾಡಿಕೊಂಡ, ಕಿವಿಯಲ್ಲಿ ರಕ್ತ ಬಂತು. ಪುಣ್ಯಕ್ಕೆ ಬದುಕಿದ. ರೋಹನ ಸಿಟ್ಟಾಗಿ ಯಾಕೆ ಸುಳ್ಳು ಬರೆದಿರಿ ಎಂದು ಕೇಳಿದರೆ ಆ ಮನುಷ್ಯ ಕಕ್ಕಾಬಿಕ್ಕಿ. ಅವನು ಸುಳ್ಳು ಬರೆದಿರಲಿಲ್ಲ. ಮಗ್ಗದವರು ಸದ್ದು ತಡೆಯಲಿಕ್ಕೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಕಿವಿಗೆ ತುರುಕುತ್ತಾರೆ. ಹತ್ತಿಯ ಧೂಳು ಕುಳಿತು ತುರಿಸಿದರೆ ಎಳೆ ಪೋಣಿಸುವ ಹುಕ್ಕಿನಿಂದಲೇ ಕೆರೆದುಕೊಳ್ಳುತ್ತಾರೆ. ಕಿವಿ ಸೋರುತ್ತದೆ, ಮಂದವಾಗುತ್ತದೆ. ಇದನ್ನು ಅವರು ರೋಗ ಎಂದು ಎಣಿಸುವುದೇ ಇಲ್ಲ. ಕೈಗೆ ದಡ್ಡು ಬಿದ್ದಂತೆ ಕಿವಿಗೂ ಬಿತ್ತು, ಅಷ್ಟೆ. ಇಡೀ ಇಚಲಕರಂಜಿಯ ಫಾರ್ಮು ತಂದರೂ ಆ ಪ್ರಶ್ನೆಗೆ "ಇಲ್ಲ" ಎಂದೇ ಇರುತ್ತದೆ.

ಅಂದಿನಿಂದ ಹಣಮಂತ ಫಾರ್ಮಿನ ಪ್ರಶ್ನೆ ಕೇಳುವುದನ್ನು ಬಿಟ್ಟ. ಒಬ್ಬೊಬ್ಬರನ್ನೇ ಕೂಡಿಸಿಕೊಂಡು ತನ್ನದೇ ಪ್ರಶ್ನೆ ಕೇಳುತ್ತಿದ್ದ. "ಕಿವ್ಯಾಗ ಹತ್ತಿ ಇಡತಿದ್ರಿ ಏನ್ರಿ? ಹುಕ್ಕಲೆ ಕೆರಕೋತಿದ್ರಿ ಏನು? ಮುಂಜಾನೆ ಎದ್ದಾಗ ತಲಿದಿಂಬಿಗೆ ಕಲಿ ಬಿದ್ದಿರತೈತಿ ಏನು?" ಹೌದು ಎಂದವರನ್ನು ಮುಲಾಜಿಲ್ಲದೆ ದಡದಲ್ಲೇ ಉಳಿಸುತ್ತಿದ್ದ. ದೊಡ್ಡ ದೊಡ್ಡ ಶೇಠರನ್ನೂ ಉಳಿಸಿದ್ದಾನೆ, ಬೈಸಿಕೊಂಡಿದ್ದಾನೆ. ನೀನೇಕೆ ಇಳಿಯುವುದಿಲ್ಲ ಎಂದು ಯಾರಾದರೂ ಕೇಳಿದರೆ "ನನಗ ನೀರು ಒಗ್ಗೂದಿಲ್ರಿ" ಎನ್ನುತ್ತಿದ್ದ. ನಾವು ಮತ್ತೆ ಕೇಳಲಿಲ್ಲ.

ಹೋದ ಡಿಸೆಂಬರಿನಲ್ಲಿ ರೋಹನ ಕೊಲ್ಲಾಪುರದ ಆಫೀಸಿಗೆ ನಮ್ಮಿಬ್ಬರನ್ನೂ ಕರೆಸಿದ.

"ಕಾಕಾ, ದ್ವೀಪದವ್ರು ಹೊಸಾ ಮಾತು ತಗದಾರ. ಗುಂಪಿನ ಜೋಡಿ ನಮ್ಮ ಮನಿಷ್ಯಾ ಒಬ್ಬ ನೀರಾಗ ಇರಾಕಬೇಕಂತ. ಈ ಸಲ ನಾ ಬರತೇನಿ, ನೀವೂ ಒಮ್ಮೆ ಇಳದ ನೋಡ್ರಿ. ಮೇ ತಿಂಗಳದಾಗ ಮಾಲವಣಕ್ಕ ನೀರಾಗ ಇಳಿಯೂ ಕೋರ್ಸಿಗೆ ಕಳಸತೇನಿ. ಆಗೂದಿಲ್ಲಂದ್ರ ಈಗ ಹೇಳ್ರಿ, ಸೂರಜ ಅಂತ ಒಬ್ಬ ಅದಾನ, ಈಜ ಬಲ್ಲ ಹುಡುಗ."

ಹಣಮಂತ ರೋಹನನ ತುಟಿ ನೋಡಿದ, ನೆಲ ನೋಡಿದ. "ಆಗತೈತಿ ದಾದಾ" ಎಂದ.

ಇಳಿಯದಿದ್ದರೆ ಕೆಲಸ ಹೋಗುತ್ತದೆ ಎಂಬುದು ಮೂವರಿಗೂ ತಿಳಿದಿತ್ತು. ಐವತ್ತಾರು ವರ್ಷದ, ಅರೆಕಿವುಡನನ್ನು ಇನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಹೊರಡುವ ಹಿಂದಿನ ವಾರ ಹದಿನಾಲ್ಕನೆಯ ಹೆಸರಾಗಿ ಜೋತಿಬಾ ಸೇರಿಕೊಂಡ. ಹಣಮಂತನ ಪಕ್ಕದ ಮಗ್ಗದಲ್ಲಿ ಹದಿನೆಂಟು ವರ್ಷ ನಿಂತಿದ್ದ ಗೆಳೆಯ. ಜೋತಿಬಾನಿಗೆ ಮೀನಿನ ಹುಚ್ಚು. ಶೆಡ್ಡಿನ ಬಾಗಿಲ ಪಕ್ಕದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಮೀನು ಸಾಕಿದ್ದನಂತೆ, ಈಗಲೂ ಮನೆಯಲ್ಲಿ ಮೂರು ಪೆಟ್ಟಿಗೆಗಳಿವೆ. ಸಮುದ್ರದ ಮೀನಿನ ಹೆಸರು ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಬಲ್ಲ. ಮಗಳು ಋತುಜಾ ಶಾಲಾ ಶಿಕ್ಷಕಿ. ಹದಿಮೂರನೆಯ ಹೆಸರು ಅವಳದು, ಅಪ್ಪನನ್ನು ಕರೆದುಕೊಂಡು ಹೊರಟಿದ್ದಳು. ಅಪ್ಪನ ಫಾರ್ಮನ್ನು ಅವಳೇ ಕೊಲ್ಲಾಪುರದ ಆಫೀಸಿನಲ್ಲಿ ತುಂಬಿ ಕೊಟ್ಟಿದ್ದಳು. ಹೀಗಾಗಿ ಹಣಮಂತನ ಪ್ರಶ್ನೆಗಳು ಜೋತಿಬಾನಿಗೆ ಬೀಳಲಿಲ್ಲ.

ಪುಣೆಗೆ ಹೋಗುವ ಬಸ್ಸಿನಲ್ಲಿ ಋತುಜಾ ಭಾರೀ ಖುಷಿಯಲ್ಲಿದ್ದಳು. "ಮ್ಯಾಡಮ್, ನಮ್ಮಪ್ಪಗ ಒಂದ ವಿದ್ಯಾ ಬರತಿತ್ರಿ. ಬೀಡಿ ಸೇದಿ, ಮೂಗು ಮುಚ್ಚಿ, ಕಿವಿಲಿಂದ ಹೊಗಿ ಬಿಡತಿದ್ರು! ಚಹಾದ ಅಂಗಡ್ಯಾಗ ಮಂದಿ ಜಮಾಸತಿತ್ತು. ನಾ ಸಣ್ಣಾಕಿದ್ದಾಗ ನಮ್ಮಪ್ಪ ಜಾದೂಗಾರ ಅಂತ ತಿಳದಿದ್ನಿ."

ಬಸ್ಸೆಲ್ಲ ನಕ್ಕಿತು. ಜೋತಿಬಾ ನಾಚಿಕೊಂಡು ಕಿಟಕಿಯ ಕಡೆ ತಿರುಗಿದ. ನಾನೂ ನಕ್ಕೆ. ಮೂವತ್ತೊಂದು ವರ್ಷ ಕಿವಿಯ ಚಿತ್ರ ಹಲಗೆಯ ಮೇಲೆ ಬರೆದವಳು, ತಮಟೆಯಲ್ಲಿ ತೂತಿಲ್ಲದೆ ಕಿವಿಯಿಂದ ಹೊಗೆ ಬರಲಾರದು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಹಣಮಂತ ನಗಲಿಲ್ಲ. ವಿಮಾನ ಚೆನ್ನೈಗೆ ಇಳಿಯುವಾಗ ಎಲ್ಲರೂ ಕಿವಿ ಹಿಡಿದುಕೊಂಡು ಮುಖ ಕಿವುಚಿದರೆ ಹಣಮಂತ, ಜೋತಿಬಾ ಇಬ್ಬರೇ ಆರಾಮವಾಗಿ ಕುಳಿತಿದ್ದರು; ತೂತಿರುವ ಕಿವಿಯಲ್ಲಿ ಗಾಳಿಯ ಒತ್ತಡ ನಿಲ್ಲುವುದಿಲ್ಲ. ಹಣಮಂತ ಜೋತಿಬಾನನ್ನೇ ನೋಡುತ್ತಿದ್ದ.

ದ್ವೀಪ ಮುಟ್ಟಿದ ದಿನ ಮಧ್ಯಾಹ್ನ ಊಟದ ತಾಟು ತೆಗೆದ ಮೇಲೆ ಅವನು ನನ್ನ ಬಳಿ ಬಂದ. ಕೈಯಲ್ಲಿ ಜೋತಿಬಾನ ಫಾರ್ಮು.

"ಮ್ಯಾಡಮ್, ಇದು ಖರೇ ಅಲ್ರಿ."

"ಗೊತ್ತೈತೇನು ನಿನಗ?"

"ಹುಕ್ಕು ಒಂದ ಇತ್ರಿ ನಮ್ಮಿಬ್ಬರಿಗೆ."

ನಾನು ಆ ದಿನ ದಣಿದಿದ್ದೆ. ಎರಡು ವಿಮಾನ, ಒಂದು ಹಡಗು, ಹದಿನಾಲ್ಕು ಜನರ ಗೊಣಗು. ನನ್ನ ಕೈಯಲ್ಲಿದ್ದ ಫಾರ್ಮುಗಳ ಕಟ್ಟಿನಲ್ಲಿ ಹಣಮಂತನದೂ ಇತ್ತು; ಆ ಪ್ರಶ್ನೆಯ ಎದುರು ಅವನದೇ ಅಕ್ಷರದಲ್ಲಿ "ಇಲ್ಲ" ಎಂದಿರುವುದನ್ನು ಚೆನ್ನೈಯಲ್ಲೇ ನೋಡಿದ್ದೆ. ಅವನ ಹೊಟ್ಟೆಪಾಡು, ನನಗೇಕೆ ಎಂದು ಸುಮ್ಮನಾಗಿದ್ದೆ. "ಇಪ್ಪತ್ತು ಮಿನಿಟಿನ ಮಾತು ಹಣಮಂತ. ನೀರಾಗ ಹಿಡಕೊಳ್ಳಾಕ ದ್ವೀಪದ ಮಾಸ್ತರ ಇರತಾನ. ಜನ್ಮದಾಗ ಒಮ್ಮೆ ನೋಡ್ಲಿ ಬಿಡು ಪಾಪ," ಎಂದೆ. ಜೋತಿಬಾನ ಬಾಯಿ ತೆರೆಸಿದರೆ ನಿನ್ನ ಸುಳ್ಳೂ ಹೊರಗೆ ಬೀಳುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನು ಫಾರ್ಮು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡು ಪಾತ್ರೆ ತೊಳೆಯಲು ಹೋದ.

ಮರುದಿನ ಬೆಳಗ್ಗೆ ದಡದಲ್ಲಿ ಎಲ್ಲರೂ ಕಪ್ಪು ರಬ್ಬರಿನ ಅಂಗಿ ತೊಟ್ಟು ನಿಂತೆವು. ಹಣಮಂತನೂ ತೊಟ್ಟಿದ್ದ. ಹೊಟ್ಟೆಯಿಲ್ಲದ ಮೈಗೆ ಅದು ಸಡಿಲವಾಗಿ ಜೋತುಬಿದ್ದಿತ್ತು. ರೋಹನ ಅವನ ಫೋಟೋ ತೆಗೆದ. ಸೊಂಟದಷ್ಟು ನೀರಿನಲ್ಲಿ ಮೊದಲು ಅಭ್ಯಾಸ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿ ಒತ್ತಿದರೆ ಕಿವಿ ಸಡಿಲಾಗುತ್ತದೆ ಎಂದು ಮಾಸ್ತರ ತೋರಿಸಿಕೊಟ್ಟ. ಎಲ್ಲರಿಗಿಂತ ಮೊದಲು ಜೋತಿಬಾನ ಸರದಿ. ಅವನು ಮಗುವಿನಂತೆ ನಗುತ್ತಿದ್ದ. ಮೂಗು ಹಿಡಿದು ಒತ್ತಿದ.

ಪಕ್ಕದಲ್ಲಿ ಒಂದು ದೋಣಿಯ ಎಂಜಿನ್ ಶುರುವಾಗಿತ್ತು, ಏನೂ ಕೇಳುತ್ತಿರಲಿಲ್ಲ. ಹಣಮಂತ ನೀರು ತಳ್ಳುತ್ತ ಹೋಗಿ ಜೋತಿಬಾನ ರಟ್ಟೆ ಹಿಡಿದ. ಇಬ್ಬರ ಕೈಗಳೂ ಮೇಲೆದ್ದವು. ಬೆರಳು, ಮುಷ್ಟಿ, ಅಂಗೈ, ಹಣೆ, ಎದೆ. ಇಬ್ಬರು ಮುದುಕರು ನೀರಿನಲ್ಲಿ ನಿಂತು ಒಂದು ಶಬ್ದವಿಲ್ಲದೆ ಜಗಳಾಡುತ್ತಿದ್ದರು. ಮಾಸ್ತರ ಇದೇನೋ ತಮಾಷೆ ಎಂದು ನಕ್ಕ. ನನ್ನ ಪಕ್ಕ ನಿಂತಿದ್ದ ಋತುಜಾ ಮಾತ್ರ ಆ ಕೈಗಳನ್ನೇ ಓದುತ್ತಿದ್ದಳು. ಮನೆಯಲ್ಲಿ ಅಪ್ಪನ ಸನ್ನೆ ನೋಡಿ ಬೆಳೆದವಳು.

"ಏನಂತ?" ಎಂದೆ.

"ಕಾಕಾ ಇಳೀಬ್ಯಾಡ ಅನ್ನಾಕತ್ತಾರ್ರಿ. ಅಪ್ಪ ಕಾಲ ಬೀಳತೇನಿ ಸುಮ್ಮಿರು ಅಂತಾರ."

ಎಂಜಿನ್ ದೂರವಾಯಿತು. ಹಣಮಂತ ಮಾಸ್ತರನ ಕಡೆ ತಿರುಗಿ ತನ್ನ ಹರಕು ಹಿಂದಿಯಲ್ಲಿ ಇವನ ಕಿವಿ ತೂತು, ಇಳಿಸಬೇಡಿ ಎಂದ. ಮಾಸ್ತರ ನಗು ನಿಲ್ಲಿಸಿ ಜೋತಿಬಾನ ಬೆನ್ನಿನ ಸಿಲಿಂಡರ್ ಬಿಚ್ಚಲು ಕೈಹಾಕಿದ.

"ಲೇ ಹಣಮ್ಯಾ!" ಜೋತಿಬಾನ ದನಿ ದಡಕ್ಕೆಲ್ಲ ಕೇಳಿತು. "ನನ್ನ ಕಿವಿ ತೂತಂದ್ರ ನಿನ್ನ ಕಿವಿ ಏನಲೇ? ನನಗಿಂತ ಜಾಸ್ತಿ ಹೊಗಿ ನಿನ್ನ ಕಿವಿಲಿಂದ ಬರತಿತ್ತಲ್ಲ! ಅದನ್ನೂ ಹೇಳು ಅವಗ!"

ರೋಹನ ಐದು ಹೆಜ್ಜೆ ಆಚೆ ನಿಂತಿದ್ದ. ಹಣಮಂತ ಅವನನ್ನು ನೋಡಲಿಲ್ಲ. ಮಾಸ್ತರನಿಗೇ ಹೇಳಿದ, ನನ್ನದೂ ತೂತು. ಹೇಳಿ, ತನ್ನ ಸೊಂಟದ ಪಟ್ಟಿ ತಾನೇ ಬಿಚ್ಚಲು ತೊಡಗಿದ. ಬಕಲ್ ಬರಲೊಲ್ಲದು. ನಾನೇ ಹೋಗಿ ಬಿಚ್ಚಿದೆ.

"ಫಾರ್ಮಿನ್ಯಾಗ ಇಲ್ಲಂತ ಬರದೀರಲ್ಲ ಕಾಕಾ," ರೋಹನ ಎಂದ. ಸಿಟ್ಟಿಗಿಂತ ಅವನ ದನಿಯಲ್ಲಿ ಪೆಟ್ಟು ತಿಂದ ಭಾವವಿತ್ತು.

"ಬರದೇನ್ರಿ. ಕೆಲಸಾ ಬೇಕಾಗಿತ್ತು."

"ಎಂದಿನಿಂದ ಐತಿ ಇದು?"

"ನೀವಿನ್ನಾ ಸಾಲಿಗೆ ಹೋಗತಿದ್ರಿ ದಾದಾ. ನಿಮ್ಮ ಅಪ್ಪಾರ ಶೆಡ್ಡಿನ್ಯಾಗ, ನಾಕನೇ ಸಾಲಿನ ಮಗ್ಗದ ಮ್ಯಾಲಿದ್ನಿ ಆವಾಗ."

ಚುಚ್ಚಲಿಕ್ಕೆ ಹೇಳಿದ್ದಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದ, ಅಷ್ಟೇ. ರೋಹನ ಮುಖವಾಡ ಹಾಕಿಕೊಂಡು ನೀರಿಗಿಳಿದುಬಿಟ್ಟ.

ನಾವೂ ಇಳಿದೆವು. ಬಂದವರು ದುಡ್ಡು ಕೊಟ್ಟು ಬಂದಿದ್ದರು, ಇಳಿಯದೆ ಏನು ಮಾಡಬೇಕು? ಋತುಜಾ ಒಬ್ಬಳು ಇಳಿಯಲಿಲ್ಲ. ನಾವು ಮೇಲೆ ಬಂದಾಗ ಹಣಮಂತ ಎಂದಿನಂತೆ ಟವೆಲ್ ಹಿಡಿದು ನಿಂತಿದ್ದ. ಜೋತಿಬಾ ದೂರದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಮರಳಲ್ಲಿ ಕುಳಿತಿದ್ದ. ತಳಕ್ಕೆ ಗಾಜು ಕೂಡಿಸಿದ ದೋಣಿ ಇರುತ್ತದೆ, ಮೈ ತೋಯದೆ ಮೀನು ನೋಡಬಹುದು, ಮಧ್ಯಾಹ್ನ ಕರೆದೊಯ್ಯುತ್ತೇನೆ ಎಂದು ನಾನು ಅವನಿಗೆ ಹೇಳಿನೋಡಿದೆ.

"ಗಾಜಿನ್ಯಾಗಿಂದ ಮೂವತ್ತ ವರ್ಷ ನೋಡೇನ್ರಿ," ಎಂದ ಜೋತಿಬಾ. "ಅವು ಇದ್ದಲ್ಲಿ ಹೋಗಿ ನೋಡೂದಿತ್ತು."

ಉಳಿದ ನಾಲ್ಕು ದಿನ ಹಣಮಂತ, ಜೋತಿಬಾ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಣಮಂತ ಝುಣಕಾ ಮಾಡಿದ, ತಲೆ ಎಣಿಸಿದ, ಗುಳಿಗೆ ಹುಡುಕಿ ಕೊಟ್ಟ. ಜೋತಿಬಾನ ತಾಟನ್ನು ಋತುಜಾಳ ಕೈಯಲ್ಲಿ ಕಳಿಸಿದ. ರೋಹನ ಅವನೊಂದಿಗೆ ಒಳ್ಳೆಯ ಮಾತೇ ಆಡುತ್ತಿದ್ದ, ಮೊದಲಿಗಿಂತ ಹೆಚ್ಚು ಒಳ್ಳೆಯ ಮಾತು. ಅದನ್ನು ಕೇಳಿಯೇ ಇವನ ಕೆಲಸ ಮುಗಿಯಿತು ಎಂದು ನನಗೆ ಗೊತ್ತಾಯಿತು. ಮುಗಿಯಿತು ಕೂಡ. ಫೆಬ್ರುವರಿಗೆ ಅವನ ಜಾಗಕ್ಕೆ ಸೂರಜ ಬಂದ.

ಮಾರ್ಚಿನಲ್ಲಿ ನಾನು ಯಡ್ರಾವಕ್ಕೆ ಹೋದೆ. ಹೋಗಬೇಕು ಹೋಗಬೇಕು ಎನ್ನುತ್ತ ಒಂದು ತಿಂಗಳು ತಳ್ಳಿದ್ದೆ, ಮುಖ ತೋರಿಸಲು ನಾಚಿಕೆ. ಹಣಮಂತನ ಹೆಂಡತಿ ತಂಗೆವ್ವ ಚಾಪೆ ಹಾಸಿದಳು. ಅವನು ಈಗ ಒಂದು ಶೆಡ್ಡಿನ ಗೋದಾಮಿನಲ್ಲಿ ಬಟ್ಟೆ ಮಡಿಸುತ್ತಾನಂತೆ. ದಿನವಿಡೀ ನಿಂತೇ ಇರಬೇಕು, ಕಾಲು ಬಾತುಕೊಂಡಿದ್ದವು. ಋತುಜಾ ಅಪ್ಪನನ್ನು ಕೊಲ್ಲಾಪುರದ ಕಿವಿ ಡಾಕ್ಟರರಿಗೆ ತೋರಿಸಿದ್ದಳು ಎಂದು ಹೇಳಿದೆ. ಎರಡೂ ತಮಟೆ ತೂತು, ಆ ದಿನ ಇಳಿದಿದ್ದರೆ ನೀರೊಳಗೇ ತಲೆ ತಿರುಗುತ್ತಿತ್ತು ಎಂದರಂತೆ ಡಾಕ್ಟರು. ಹಣಮಂತ ತಲೆಯಾಡಿಸಿದ. "ಹೇಳಾಕ ಬರಲಿಲ್ಲ ಅವ," ಎಂದ. "ಇರಲಿ ಬಿಡ್ರಿ. ನನಗೂ ಅವನ ಮ್ಯಾಲೆ ಬ್ಯಾಸರಾಗೈತಿ."

ತಂಗೆವ್ವ ಚಹಾ ತಂದಳು. ಆಮೇಲೆ ಅವನು ಬಲಗಿವಿ ನನ್ನ ಕಡೆ ಚಾಚಿ ಕೇಳಿದ, "ಮ್ಯಾಡಮ್, ಆವತ್ತ ಕೆಳಗ ಏನೇನ ಕಂಡ್ರಿ?"

ನಾನು ಅಭ್ಯಾಸಬಲದಿಂದ ಪಾಠ ಒಪ್ಪಿಸಿದಂತೆ ಹೇಳತೊಡಗಿದೆ. ಹವಳ ಕಡಿಯುವ ಗಿಳಿಮೀನು, ಬಂಡೆಯ ಸಂದಿಯಲ್ಲಿ ಮೀಸೆ ಆಡಿಸುತ್ತಿದ್ದ ಒಂದು ದೊಡ್ಡ ಸಿಗಡಿ, ಹೂವಿನಂಥ ಪ್ರಾಣಿಯೊಳಗೆ ಮನೆ ಮಾಡಿಕೊಂಡು ಹೋದವರನ್ನೆಲ್ಲ ಹೆದರಿಸಲು ಬರುವ ಬೆರಳುದ್ದದ ಕಿತ್ತಳೆ ಮೀನು. ಅವನು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಎಷ್ಟು ದೊಡ್ಡದು ಎಂದು ಕೇಳಿದ, ಹೆಂಗ ಬರತೈತಿ ಎಂದು ಕೇಳಿದ, ಕಚ್ಚತೈತಿ ಏನು ಎಂದ. ನಾನು ಅರ್ಧದಲ್ಲಿ ನಿಲ್ಲಿಸಿದೆ.

"ಒಂಬತ್ತ ವರ್ಷ ಜೋಡಿ ಇದ್ದಿ. ಒಂದ ದಿವ್ಸಾನೂ ಕೇಳಲಿಲ್ಲಲ್ಲ ನೀ?"

"ಕೇಳಿದ್ರ ನೋಡಬೇಕನಸತೈತ್ರಿ. ನೋಡಬೇಕನಿಸಿದ್ರ ಸುಳ್ಳ ಬರೀಬೇಕಾಗತೈತಿ."

ಬಟ್ಟಲು ಕೆಳಗಿಟ್ಟ. ತನ್ನ ಅಂಗೈಗಳನ್ನು ನೋಡಿಕೊಂಡ.

"ಈ ಸಲ ಕೆಲಸದ ಸಲವಾಗಿ ಬರದ್ನಿ ಅಂತ ಎಲ್ಲಾರಿಗೂ ಹೇಳೇನ್ರಿ. ಕೆಲಸಕ್ಕಷ್ಟ ಅಲ್ಲ ಅದು."

ತಂಗೆವ್ವ ಗಂಡನ ಮುಖ ನೋಡಿದಳು. ಇದು ಅವಳಿಗೂ ಗೊತ್ತಿರಲಿಲ್ಲ.